ಹೊಗೆ ಹಿಡಿದ ಕಾಟ್ರೆಲ್

ಪಿಯುಸಿ ಕೆಮಿಸ್ಟ್ರಿಯ ಕೊಲಾಯ್ಡ್ಸ್ ಪಾಠದಲ್ಲಿ ಒಂದು ಚಿಕ್ಕ ಪ್ರಶ್ನೆ ಇತ್ತು, ನೆನಪಿದೆಯಾ? ಕಾಟ್ರೆಲ್ ಪ್ರೆಸಿಪಿಟೇಟರ್. ಒಂದು ಚಿಮಣಿ, ಒಳಗೆ ಹೈ ವೋಲ್ಟೇಜ್ ಕೊಟ್ಟ ಎಲೆಕ್ಟ್ರೋಡ್, ಕೆಳಗೆ ಬಿದ್ದ ಮಸಿ. ಚಿತ್ರ ಬರೆದು ಬಾಣ ಹಾಕಿ ಮುಂದಿನ ಪ್ರಶ್ನೆಗೆ ಹೋಗಿಬಿಡ್ತಿದ್ವಿ. ಎಲೆಕ್ಟ್ರೋಕೆಮಿಸ್ಟ್ರಿ ಸ್ವಲ್ಪ ಆಳವಾಗಿ ಓದುವವರಿಗೆ ಕಾಟ್ರೆಲ್ ಇಕ್ವೇಶನ್ ಅಂತ ಇದೇ ಹೆಸರು ಮತ್ತೆ ಸಿಗುತ್ತೆ. ಇಬ್ಬರೂ ಒಬ್ಬರೇ. ಆದರೆ ಈ ಮನುಷ್ಯ ಮಾಡಿದ ಮೂರನೇ ಕೆಲಸವೊಂದಿದೆ. ಅದು ಯಾವ ಸಿಲಬಸ್ಸಿನಲ್ಲೂ ಇಲ್ಲ. ನಾವು ಹೇಳಹೊರಟಿರೋದು ಮುಖ್ಯವಾಗಿ ಅದನ್ನೇ.

ಫ್ರೆಡರಿಕ್ ಗಾರ್ಡ್‌ನರ್ ಕಾಟ್ರೆಲ್ ಹುಟ್ಟಿದ್ದು 1877ರ ಜನವರಿ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್‌ಲ್ಯಾಂಡ್‌ನಲ್ಲಿ. ಸುಮ್ಮನೆ ಕೂರುವ ಹುಡುಗನಲ್ಲ. ಶಾಲೆಯಲ್ಲಿದ್ದಾಗಲೇ ಸ್ವಂತ ಚಿಕ್ಕ ಪತ್ರಿಕೆ ಅಚ್ಚು ಹಾಕ್ತಿದ್ದರು, ಫೋಟೋ ತೆಗೀತಿದ್ದರು, ವಿದ್ಯುತ್ ಕೆಲಸ ಮಾಡ್ತಿದ್ದರು. ಹದಿನಾರಕ್ಕೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಮೂರೇ ವರ್ಷದಲ್ಲಿ, 1896ರಲ್ಲಿ, ಪದವಿ ಮುಗಿಸಿದರು. ಮುಂದೆ ಓದಲು ಕೈಯಲ್ಲಿ ಕಾಸಿರಲಿಲ್ಲ. ಓಕ್‌ಲ್ಯಾಂಡ್ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ದುಡ್ಡು ಕೂಡಿಟ್ಟು ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ವ್ಯಾಂಟ್ ಹಾಫ್, ಲೈಪ್‌ಜಿಗ್‌ನಲ್ಲಿ ಆಸ್ಟ್‌ವಾಲ್ಡ್. ಹೀಗೆ ಆ ಕಾಲದ ಫಿಸಿಕಲ್ ಕೆಮಿಸ್ಟ್ರಿಯ ಇಬ್ಬರು ದೊಡ್ಡವರ ಬಳಿ ಕಲಿತು 1902ರಲ್ಲಿ ಪಿಎಚ್‌ಡಿ ಪಡೆದರು. ಆ ಇಕ್ವೇಶನ್ ಬಂದಿದ್ದು ಇದೇ ಕೆಲಸದಿಂದ. ಅದೇ ವರ್ಷ ಬರ್ಕ್ಲಿಗೆ ವಾಪಸ್ ಬಂದು ಮೇಷ್ಟ್ರಾದರು.

ಮೇಷ್ಟ್ರ ಸಂಬಳ ಕಡಿಮೆ, ಮನೆಯ ಸಾಲ ಜಾಸ್ತಿ. ಹಾಗಾಗಿ ಹೊರಗಿನ ಕನ್ಸಲ್ಟಿಂಗ್ ಕೆಲಸ ಒಪ್ಪಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿ ಪಿನೋಲ್ ಹತ್ತಿರ ಡೂಪಾಂಟ್ ಕಂಪನಿಯ ಸಿಡಿಮದ್ದಿನ ಕಾರ್ಖಾನೆ ಇತ್ತು. ಅಲ್ಲಿ ಕಾಂಟ್ಯಾಕ್ಟ್ ವಿಧಾನದಲ್ಲಿ ಸಲ್ಫ್ಯೂರಿಕ್ ಆಸಿಡ್ ತಯಾರಿಸ್ತಿದ್ದರು. ಗ್ಯಾಸಿನ ಜೊತೆ ಬರುವ ಆರ್ಸೆನಿಕ್ ಕ್ಯಾಟಲಿಸ್ಟನ್ನು ಕೆಡಿಸ್ತಿತ್ತು. ಅದನ್ನು ತೆಗೆಯಬೇಕು ಅಂದ್ರೆ ಆಸಿಡ್ಡಿನ ತೆಳು ಮಂಜನ್ನು ಹಿಡಿಯಬೇಕು. ಆ ಹನಿಗಳು ಎಷ್ಟು ಸಣ್ಣವೆಂದರೆ ನೀರಿನೊಳಗೆ ಹಾಯಿಸಿದರೂ ನಿಲ್ಲಲ್ಲ. ಕಾಟ್ರೆಲ್ ಮೊದಲು ಗಿರಗಿರನೆ ತಿರುಗಿಸಿ ಬೇರ್ಪಡಿಸಲು ನೋಡಿದರು. ಲ್ಯಾಬಲ್ಲಿ ಸರಿ, ಕಾರ್ಖಾನೆಗೆ ಆಗಿಬರಲಿಲ್ಲ. ಆಮೇಲೆ ಕೈ ಹಾಕಿದ್ದು ವಿದ್ಯುತ್ತಿಗೆ.

ವಿದ್ಯುತ್ತಿನಿಂದ ಹೊಗೆ ಹಿಡಿಯೋ ಐಡಿಯಾ ಅವರದ್ದಲ್ಲ. ಲೈಪ್‌ಜಿಗ್‌ನ ಹೋಲ್‌ಫೆಲ್ಡ್ ಅನ್ನೋ ಮೇಷ್ಟ್ರು 1824ರಲ್ಲೇ ಜಾಡಿಯೊಳಗಿನ ಹೊಗೆಯನ್ನು ಹೀಗೆ ಇಳಿಸಿ ತೋರಿಸಿದ್ದರು. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1885ರ ಸುಮಾರಿಗೆ ವೇಲ್ಸ್‌ನ ಒಂದು ಸೀಸದ ಕಾರ್ಖಾನೆಯಲ್ಲಿ ಪ್ರಯತ್ನಿಸಿ ಸೋತಿದ್ದರು. ಲಾಡ್ಜ್ ಬಳಿ ಇದ್ದದ್ದು ವಿಮ್‌ಶರ್ಸ್ಟ್ ಯಂತ್ರ, ಅಂದರೆ ನಮ್ಮ ಶಾಲೆಗಳಲ್ಲಿ ಕಿಡಿ ಹಾರಿಸಿ ತೋರಿಸುವಂಥದ್ದು. ಅದು ಚಿಮಣಿಗೆ ಸಾಲದು. ಕಾಟ್ರೆಲ್ ಕಾಲಕ್ಕೆ ಒಳ್ಳೆ ಟ್ರಾನ್ಸ್‌ಫಾರ್ಮರ್ ಬಂದಿತ್ತು. ಅದರಿಂದ ವೋಲ್ಟೇಜ್ ಏರಿಸಿ, ಎಸಿಯ ಜೊತೆ ಒಂದೇ ತಾಳದಲ್ಲಿ ತಿರುಗುವ ಸ್ವಿಚ್ಚಿನಿಂದ ಅದನ್ನು ಡಿಸಿ ಮಾಡಿಕೊಂಡರು. ಸರಳವಾದ ಮೆಕ್ಯಾನಿಕಲ್ ರೆಕ್ಟಿಫೈಯರ್ ಅಷ್ಟೆ.

ಇನ್ನೊಂದು ಸುಳಿವು ಅವರಿಗೆ ಕತ್ತಲಲ್ಲಿ ಸಿಕ್ಕಿತು. ಬರಿಯ ತಂತಿಗಿಂತ ಹತ್ತಿ ನೂಲು ಸುತ್ತಿದ ತಂತಿಯ ಉದ್ದಕ್ಕೂ ನೇರಳೆ ಬೆಳಕು ಚೆನ್ನಾಗಿ ಹರಡಿತ್ತು. ನೂಲಿನ ಒಂದೊಂದು ಎಳೆಯ ತುದಿಯೂ ಚಾರ್ಜ್ ಸುರಿಸುವ ಮೊನೆಯಾಗಿತ್ತು. ಹೀಗೆ ಹೊರಟ ಅಯಾನುಗಳು ಹನಿಗೋ ಧೂಳಿನ ಕಣಕ್ಕೋ ಅಂಟಿಕೊಳ್ಳುತ್ತವೆ. ಚಾರ್ಜ್ ಬಂದ ಕಣ ಎದುರಿನ ಅರ್ಥ್ ಮಾಡಿದ ಪ್ಲೇಟಿಗೆ ಓಡುತ್ತದೆ. ಈಗಲೂ ತತ್ವ ಅಷ್ಟೇ. 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1908ರಲ್ಲಿ ಅದು ಸಿಕ್ಕಿತು.

ನಿಜವಾದ ಪರೀಕ್ಷೆ ನಡೆದದ್ದು ಅದೇ ಕೊಲ್ಲಿಯ ದಡದಲ್ಲಿದ್ದ ಸೆಲ್ಬಿ ಸ್ಮೆಲ್ಟರ್‌ನಲ್ಲಿ. ಸೀಸ ಕರಗಿಸುವ, ಚಿನ್ನ ಬೆಳ್ಳಿ ಬೇರ್ಪಡಿಸುವ ದೊಡ್ಡ ಕಾರ್ಖಾನೆ ಅದು. ಹೊಗೆ ನೀರು ದಾಟಿ ಎದುರು ದಡದ ಬೆನಿಷಿಯಾ ಊರಿನ ಮೇಲೆ ಹೋಗ್ತಿತ್ತು. ಅಲ್ಲಿನ ರೈತರು ಕೋರ್ಟಿಗೆ ಹೋದರು, ಕೋರ್ಟು ಹೊಗೆ ಬಿಡಬಾರದು ಅಂದಿತು. ಕಾರ್ಖಾನೆ ಮುಚ್ಚಿದರೆ ನೂರಾರು ಜನರ ಕೆಲಸ ಹೋಗುತ್ತೆ, ತೆರೆದರೆ ಊರಿನವರ ಹೊಲ ಕೆಡುತ್ತೆ. ಈ ಇಕ್ಕಟ್ಟಿನಲ್ಲಿ ಕಾಟ್ರೆಲ್ ಅವರ ಯಂತ್ರ ಅಲ್ಲಿಗೆ ಬಂತು. ಬೆಳ್ಳಿ ಬೇರ್ಪಡಿಸುವ ಕುದಿ ಆಸಿಡ್ಡಿನಿಂದ ಏಳುತ್ತಿದ್ದ ಬಿಳಿ ಮೋಡ ಕರೆಂಟ್ ಕೊಟ್ಟ ಕೂಡಲೇ ನಿಂತುಹೋಯಿತು. ಜಗಳ ಅಲ್ಲಿಗೇ ಮುಗಿಯಲಿಲ್ಲ. ಕೊನೆಗೆ ಕಂಪನಿ, ಊರಿನವರು ಎರಡೂ ಕಡೆ ಒಪ್ಪಿ ತಜ್ಞರ ಆಯೋಗವೊಂದನ್ನು ನೇಮಿಸಿಕೊಂಡರು. ಅದರ ವರದಿಯನ್ನು ಸರ್ಕಾರದ ಬ್ಯೂರೋ ಆಫ್ ಮೈನ್ಸ್ 1915ರಲ್ಲಿ ಪ್ರಕಟಿಸಿತು.

ಎಲ್ಲ ಕಡೆಯೂ ಗೆಲುವೇ ಅಂತೇನಿಲ್ಲ. ಶಾಸ್ತಾ ಕೌಂಟಿಯ ಬಾಲಕ್ಲಾಲಾ ತಾಮ್ರದ ಸ್ಮೆಲ್ಟರ್‌ನಲ್ಲಿ ದಿನಕ್ಕೆ ಟನ್‌ಗಟ್ಟಲೆ ಧೂಳು ಹಿಡಿದರೂ 1911ರಲ್ಲಿ ಕಾರ್ಖಾನೆ ನಿಂತಿತು. ಕಾರಣ, ಪ್ರೆಸಿಪಿಟೇಟರ್ ಕಣವನ್ನು ಹಿಡಿಯುತ್ತೆ, ಗ್ಯಾಸನ್ನು ಹಿಡಿಯಲ್ಲ. ಸಲ್ಫರ್ ಡೈಆಕ್ಸೈಡ್ ಹಾಗೇ ಹೊರಗೆ ಹೋಗ್ತಿತ್ತು. ರಿವರ್‌ಸೈಡ್ ಊರಿನಲ್ಲಿ ಕಥೆ ಬೇರೆ. ಕಿತ್ತಳೆ ತೋಟಗಳ ಮೇಲೆ ಬೀಳ್ತಿದ್ದ ಸಿಮೆಂಟ್ ಧೂಳನ್ನು ಹಿಡಿದಾಗ ಅದರಲ್ಲಿ ಪೊಟ್ಯಾಶ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪೊಟ್ಯಾಶ್ ನಿಂತುಹೋದಾಗ ಆ ಧೂಳಿಗೇ ಬೆಲೆ ಬಂತು.

ಈಗ ಮೂರನೇ ಕೆಲಸಕ್ಕೆ ಬರೋಣ. ಪೇಟೆಂಟು ಕೈಯಲ್ಲಿದೆ, ಕಾರ್ಖಾನೆಗಳು ಬಾಗಿಲಲ್ಲಿವೆ. ಬೇರೆ ಯಾರಾದರೂ ಆಗಿದ್ದರೆ ಶ್ರೀಮಂತರಾಗ್ತಿದ್ದರು. ಕಾಟ್ರೆಲ್ ಬೇರೆ ಲೆಕ್ಕ ಹಾಕಿದರು. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿದ್ಯೆಯ ಲಾಭ ಮತ್ತೆ ಸಂಶೋಧನೆಗೇ ಹೋಗಬೇಕು ಅನ್ನೋದು ಅವರ ಹಟ. ಹಾಗಂತ ಪೇಟೆಂಟನ್ನು ಪುಕ್ಕಟೆ ಬಿಟ್ಟುಬಿಡೋಣ ಅನ್ನಲೂ ಇಲ್ಲ. ಪುಕ್ಕಟೆ ಬಿಟ್ಟರೆ ಅದನ್ನು ಬೆಳೆಸಲು ಯಾರೂ ದುಡ್ಡು ಹಾಕಲ್ಲ, ಎಲ್ಲರ ಆಸ್ತಿ ಯಾರ ಜವಾಬ್ದಾರಿಯೂ ಆಗಲ್ಲ ಅಂತ ಅವರಿಗೆ ಗೊತ್ತಿತ್ತು. ವಿಶ್ವವಿದ್ಯಾಲಯವೇ ಪೇಟೆಂಟ್ ವ್ಯಾಪಾರಕ್ಕಿಳಿದರೆ ಪಾಠ ಬಿಟ್ಟು ಲಾಭದ ಹಿಂದೆ ಹೋದೀತು ಅನ್ನೋ ಅಂಜಿಕೆಯೂ ಇತ್ತು.

1911ರಲ್ಲಿ ಅವರು ಬರ್ಕ್ಲಿ ಬಿಟ್ಟು ಬ್ಯೂರೋ ಆಫ್ ಮೈನ್ಸ್ ಸೇರಿದರು. ಅಲ್ಲಿನ ನಿರ್ದೇಶಕ ಜೋಸೆಫ್ ಹೋಮ್ಸ್ ಮೂಲಕ ಸ್ಮಿತ್‌ಸೋನಿಯನ್ ಸಂಸ್ಥೆಯ ಚಾರ್ಲ್ಸ್ ವಾಲ್‌ಕಾಟ್ ಪರಿಚಯವಾಯಿತು. ಪೇಟೆಂಟನ್ನು ನೇರವಾಗಿ ಇಟ್ಟುಕೊಳ್ಳಲು ಸ್ಮಿತ್‌ಸೋನಿಯನ್ ಹಿಂಜರಿದಾಗ ಮಧ್ಯದ ದಾರಿಯೊಂದು ಹೊಳೆಯಿತು: ಕಂಪನಿಯ ಹಾಗೆ ನಡೆಯುವ, ಆದರೆ ಯಾರಿಗೂ ಡಿವಿಡೆಂಡ್ ಕೊಡದ ಸಂಸ್ಥೆ. 1912ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅದರ ಹೆಸರು ರಿಸರ್ಚ್ ಕಾರ್ಪೊರೇಷನ್. ಬಂಡವಾಳ 10,100 ಡಾಲರ್. ಮೊದಲು ದುಡ್ಡು ಹಾಕಿದ್ದ ಗೆಳೆಯರ ಕಂಪನಿಗೆ ಪಶ್ಚಿಮದ ಕೆಲವು ರಾಜ್ಯಗಳ ಹಕ್ಕು ಉಳಿಯಿತು, ಮಿಕ್ಕದ್ದು ಇದಕ್ಕೆ. ಕಾರ್ಖಾನೆಗಳು ಹೊಗೆ ಹಿಡಿಸಿಕೊಂಡು ದುಡ್ಡು ಕೊಟ್ಟವು, ಆ ದುಡ್ಡು ಲ್ಯಾಬುಗಳಿಗೆ ಹೋಯಿತು. ಲಾರೆನ್ಸ್ ಅವರ ಸೈಕ್ಲೋಟ್ರಾನ್, ವ್ಯಾನ್ ಡಿ ಗ್ರಾಫ್ ಜನರೇಟರ್ ಎರಡಕ್ಕೂ ಈ ಸಂಸ್ಥೆಯ ನೆರವು ಸಿಕ್ಕಿತ್ತು.

ಕಾಟ್ರೆಲ್ ಮಾತ್ರ ಸರ್ಕಾರಿ ಸಂಬಳದಲ್ಲೇ ಇದ್ದರು. ನೈಸರ್ಗಿಕ ಅನಿಲದಿಂದ ಹೀಲಿಯಂ ತೆಗೆಯುವ ಕೆಲಸ, 1920ರಲ್ಲಿ ಕೆಲ ತಿಂಗಳು ಬ್ಯೂರೋದ ನಿರ್ದೇಶಕತ್ವ, 1922ರಿಂದ 1930ರವರೆಗೆ ಸಾರಜನಕ ಸಂಶೋಧನಾಲಯದ ಹೊಣೆ. 1935ರಲ್ಲಿ ರಿಸರ್ಚ್ ಅಸೋಸಿಯೇಟ್ಸ್ ಅನ್ನೋ ಇನ್ನೊಂದು ಸಂಸ್ಥೆ ಕಟ್ಟಲು ಹೋದರು, ಅದು ನಿಲ್ಲಲಿಲ್ಲ. 1948ರ ನವೆಂಬರ್ 16ರಂದು ಬರ್ಕ್ಲಿಯಲ್ಲಿ, ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಕೂತಿದ್ದಾಗಲೇ ತೀರಿಕೊಂಡರು.

ಸೆಲ್ಬಿ ಸ್ಮೆಲ್ಟರ್ 1970ರವರೆಗೆ ನಡೆಯಿತು. ಚಿಮಣಿಯಿಂದ ಹೋಗುವುದಕ್ಕೆ ಕೋರ್ಟು, ರೈತರು, ಕಾಟ್ರೆಲ್ ಎಲ್ಲ ಇದ್ದರು. ಕೊಲ್ಲಿಯ ದಡಕ್ಕೆ ಸುರಿದ ಕಿಟ್ಟವನ್ನು ಕೇಳುವವರು ಇರಲಿಲ್ಲ. ಸೀಸ, ಆರ್ಸೆನಿಕ್ ತುಂಬಿದ ಆ ನೆಲವನ್ನು ಸರಿಪಡಿಸುವ ಖರ್ಚು ಆಮೇಲೆ ಕಂಪನಿಯ ಮೇಲೂ ರಾಜ್ಯ ಸರ್ಕಾರದ ಮೇಲೂ ಬಿತ್ತು. ಮೊದಲೇ ಹಂಚಿಕೊಳ್ಳದ ಹೊಣೆಯನ್ನು ಕೊನೆಗೆ ಹಂಚಿಕೊಳ್ಳಬೇಕಾಯಿತು.

ರಾಯಚೂರಿನ ಶಕ್ತಿನಗರದ ಚಿಮಣಿಗಳ ಕೆಳಗೆ ಇವತ್ತು ಹಾರುಬೂದಿ ಹಿಡಿಯೋದೂ ಇದೇ ಯಂತ್ರದ ಮೊಮ್ಮಗ. ಬೂದಿ ಸಿಮೆಂಟಿಗೆ ಹೋಗುತ್ತೆ, ಇಟ್ಟಿಗೆಗೆ ಹೋಗುತ್ತೆ. ನಾವೂ ವರ್ಷ ವರ್ಷ ನೀರು ಶುದ್ಧ ಮಾಡೋ, ಬೂದಿ ಬಳಸೋ ಪ್ರಾಜೆಕ್ಟ್ ಮಾಡ್ತೀವಿ. ವೈವಾ ಮುಗಿದ ಮೇಲೆ ರಿಪೋರ್ಟು ಡಿಪಾರ್ಟ್‌ಮೆಂಟಿನ ಬೀರುವಿಗೆ, ಮಾಡೆಲ್ಲು ಗುಜರಿಗೆ. ಕೆಲಸ ಮಾಡುವ ಯಂತ್ರ ಮಾಡೋದು ಅರ್ಧ ಕೆಲಸ. ಅದು ಯಾರ ಕೈಗೆ ಹೋಗಬೇಕು, ಖರ್ಚು ಯಾರು ಹಾಕಬೇಕು, ಲಾಭ ಎಲ್ಲಿಗೆ ಮರಳಬೇಕು ಅನ್ನೋದನ್ನೂ ವಿನ್ಯಾಸ ಮಾಡಬೇಕು. ಮುಂದಿನ ಸಲ ಪ್ರಾಜೆಕ್ಟಿನ ಗೈಡ್ ಹತ್ರ ಹೋಗುವಾಗ ಈ ಮೂರು ಪ್ರಶ್ನೆಗಳನ್ನೂ ಸಿನಾಪ್ಸಿಸ್ಸಿನಲ್ಲಿ ಬರೆದುಕೊಂಡು ಹೋಗೋಣ.