ಬಣ್ಣದ ಮರ್ಮವನ್ನರಿತ ಬೇಟ್ಸ್

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1825ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸನು ಜನಿಸಿದನು. ತಂದೆಯದು ಕಾಲುಚೀಲಗಳನ್ನು ತಯಾರಿಸುವ ಕಸಬು. 13ನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟ ಬಾಲಕನು ಅದೇ ಕಸಬಿನ ವರ್ತಕನೊಬ್ಬನಲ್ಲಿ ಕೆಲಸ ಕಲಿಯಲು ಸೇರಿದನು. ಹಗಲೆಲ್ಲ ದುಡಿದು ರಾತ್ರಿ ತರಗತಿಗಳಲ್ಲಿ ಓದಿದನು. ಬಿಡುವು ದೊರೆತಾಗ ಊರ ಹೊರಗೆ ಜೀರುಂಡೆಗಳನ್ನು ಅರಸುತ್ತ ಅಲೆದನು. ಆಗ ಅದೇ ಊರಿನಲ್ಲಿ ಉಪಾಧ್ಯಾಯನಾಗಿದ್ದ ಆಲ್ಫ್ರೆಡ್ ರಸೆಲ್ ವಾಲೇಸನ ಸ್ನೇಹವು ಅವನಿಗೆ ಒದಗಿತು.

1848ರಲ್ಲಿ ಗೆಳೆಯರಿಬ್ಬರೂ ಹಡಗನ್ನೇರಿ ಬ್ರೆಜಿಲ್ ದೇಶವನ್ನು ಸೇರಿದರು. ಅಮೆಜಾನ್ ನದಿಯ ಕಾಡುಗಳಲ್ಲಿ ಕೀಟಗಳನ್ನು ಸಂಗ್ರಹಿಸಿ ಲಂಡನ್ನಿಗೆ ಕಳುಹಿಸುವುದು, ಅವುಗಳ ಮಾರಾಟದಿಂದ ಬಂದ ಹಣದಲ್ಲಿ ಜೀವಿಸುತ್ತ ಜೀವಜಾತಿಗಳ ಹುಟ್ಟಿನ ರಹಸ್ಯವನ್ನು ಶೋಧಿಸುವುದು ಅವರ ಉದ್ದೇಶವಾಗಿತ್ತು. ವಾಲೇಸನು 1852ರಲ್ಲಿ ಮರಳಿದನು. ಬೇಟ್ಸನು 11 ವರ್ಷಗಳ ಕಾಲ ಅಲ್ಲಿಯೇ ನಿಂತನು. ಒಮ್ಮೆ 12 ತಿಂಗಳು ಕಳೆದರೂ ಊರಿನಿಂದ ಪತ್ರವಾಗಲಿ ಹಣವಾಗಲಿ ಬರಲಿಲ್ಲ. ಉಟ್ಟ ಬಟ್ಟೆ ಚಿಂದಿಯಾಯಿತು, ಬರಿಗಾಲಿನಲ್ಲಿ ನಡೆಯಬೇಕಾಯಿತು. ಆದರೂ ಅವನ ಕುತೂಹಲವು ಕುಂದಲಿಲ್ಲ.

ಕಮೆತಾ ಎಂಬ ಊರಿನ ಬಳಿ ಮರದ ಬಿರುಕೊಂದರಲ್ಲಿ ಬೂದು ಮತ್ತು ಕೆಂಪು ಛಾಯೆಯ ರೋಮಗಳಿಂದ ತುಂಬಿದ ದೊಡ್ಡ ಟರಾಂಟುಲಾ ಜೇಡವನ್ನು ಅವನು ಕಂಡನು. ಅದು ಎರಡು ಪುಟ್ಟ ಹಕ್ಕಿಗಳನ್ನು ಹಿಡಿದಿತ್ತು. ಇಂತಹ ಜೇಡವನ್ನು ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಮಹಿಳೆಯು 1705ರಲ್ಲಿಯೇ ಚಿತ್ರಿಸಿದ್ದಳು. ವಿದ್ವಾಂಸರಲ್ಲಿ ಹಲವರು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. ಅವಳು ಚಿತ್ರಿಸಿದುದು ಸತ್ಯವೆಂದು ಬೇಟ್ಸನು ಕಣ್ಣಾರೆ ಕಂಡು ಸಾರಿದನು.

ಹೂಮೊಗ್ಗಿನಂತೆ ತೋರುತ್ತ, ಎಲೆಯೂ ಕಾಂಡವೂ ಕೂಡುವೆಡೆಯಲ್ಲಿ ಅಲುಗಾಡದೆ ಕುಳಿತು ಬೇಟೆಗೆ ಕಾಯುವ ಚಿಕ್ಕ ಜೇಡಗಳನ್ನೂ ಅವನು ಗಮನಿಸಿದನು. ಹಾವಿನಂತೆ ಮೈಚಾಚಿದ ಕಂಬಳಿಹುಳುವೊಂದು ಹಳ್ಳಿಯ ಜನರನ್ನೇ ಬೆದರಿಸಿತು. ಆದರೆ ಅವನನ್ನು ಹೆಚ್ಚು ಚಿಂತನೆಗೆ ಹಚ್ಚಿದುವು ಚಿಟ್ಟೆಗಳು. ಕಣ್ಸೆಳೆಯುವ ಬಣ್ಣದ ಕೆಲವು ಚಿಟ್ಟೆಗಳು ನಿಧಾನವಾಗಿ ಹಾರುತ್ತಿದ್ದರೂ ಹಕ್ಕಿಗಳು ಅವುಗಳ ಗೊಡವೆಗೆ ಹೋಗುತ್ತಿರಲಿಲ್ಲ. ಅವುಗಳ ರುಚಿ ಹಕ್ಕಿಗಳಿಗೆ ಹಿಡಿಸದೆಂದು ಬೇಟ್ಸನು ತರ್ಕಿಸಿದನು. ಅದೇ ಗುಂಪಿನಲ್ಲಿ, ಅದೇ ಬಣ್ಣದ, ಬೇರೆ ಕುಲದ ಚಿಟ್ಟೆಗಳೂ ಸೇರಿಕೊಂಡಿದ್ದವು. ಹಾರುವಾಗ ಅವನ್ನು ಗುರುತಿಸಲು ಅವನ ಪಳಗಿದ ಕಣ್ಣಿಗೂ ಆಗುತ್ತಿರಲಿಲ್ಲ.

ಈ ಹೋಲಿಕೆ ಹೇಗೆ ಬಂದಿತು? ಚಿಟ್ಟೆಯು ಬಯಸಿ ವೇಷ ತೊಡಲಾರದು. ಅರುಚಿಯ ಚಿಟ್ಟೆಯನ್ನು ತುಸು ಹೋಲುವವು ಹಕ್ಕಿಗಳಿಂದ ಪಾರಾಗಿ ಹೆಚ್ಚು ಸಂತತಿಯನ್ನು ಪಡೆದವು. ಹೋಲದವು ಹಕ್ಕಿಗಳ ಪಾಲಾದವು. ತಲೆಮಾರುಗಳು ಸಂದಂತೆ ಹೋಲಿಕೆಯು ಪೂರ್ಣವಾಯಿತು. 1862ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಬೇಟ್ಸನು ಹೀಗೆ ವಿವರಿಸಿದನು. ಮೂರು ವರ್ಷಗಳ ಹಿಂದೆ ಪ್ರಕಟವಾಗಿ ವಿವಾದಕ್ಕೆ ಗುರಿಯಾಗಿದ್ದ ಡಾರ್ವಿನ್ನನ ಸಿದ್ಧಾಂತಕ್ಕೆ ಇದರಿಂದ ಬಲವಾದ ಆಧಾರ ದೊರೆಯಿತು. ಡಾರ್ವಿನ್ನನು ಇದನ್ನು ಬಹುವಾಗಿ ಮೆಚ್ಚಿದನು.

ಬೇಟ್ಸನು ಸಂಗ್ರಹಿಸಿದ 14,000ಕ್ಕೂ ಮಿಕ್ಕ ಜೀವಜಾತಿಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು. ಅವನು 1892ರಲ್ಲಿ ತೀರಿಕೊಂಡನು. ನಿರುಪದ್ರವಿಯಾದ ಜೀವಿಯು ಅರುಚಿಯ ಅಥವಾ ಅಪಾಯಕಾರಿಯಾದ ಜೀವಿಯನ್ನು ಹೋಲುವುದಕ್ಕೆ ವಿಜ್ಞಾನಿಗಳು ಇಂದಿಗೂ ಬೇಟ್ಸನ ಹೆಸರನ್ನೇ ಇಟ್ಟು ಕರೆಯುತ್ತಾರೆ.