ಖೊಟ್ಟಿ ಕಾಗದದಿಂದ ನೋಟಿನವರೆಗೆ

ಫ್ರಾನ್ಸಿಸ್ ಗ್ರೀನ್‌ವೇ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯವ; ಕಟ್ಟಡಗಳ ನಕ್ಷೆ ಬರೆಯೋದು ಕಸುಬು. 1809ರಲ್ಲಿ ದಿವಾಳಿಯೆದ್ದ. ಬಳಿಕ ಕರಾರಿನ ಖೊಟ್ಟಿ ಕಾಗದ ಮಾಡಿ ಸಿಕ್ಕಿಬಿದ್ದ. 1812ರಲ್ಲಿ ಗಲ್ಲು ಶಿಕ್ಷೆಯಾಯಿತು; ಆಮೇಲೆ ಅದು 14 ವರ್ಷದ ಗಡೀಪಾರಿಗೆ ಇಳಿಯಿತು.

1814ರಲ್ಲಿ ಕೈದಿಯಾಗಿ ಸಿಡ್ನಿಗೆ ಬಂದ. ಗವರ್ನರ್ ಮ್ಯಾಕ್ವಾರಿಗೆ ಕಟ್ಟಡ ಬಲ್ಲವರು ಬೇಕಿತ್ತು. ಎರಡೇ ವರ್ಷದಲ್ಲಿ ಈ ಕೈದಿಯನ್ನೇ ಸರಕಾರಿ ವಾಸ್ತುಶಿಲ್ಪಿ ಮಾಡಿದ. ಹಡಗುಗಳಿಗೆ ದೀಪಸ್ತಂಭ, ಊರಿಗೆ ಚರ್ಚು, ಕೈದಿಗಳಿಗೆ ಹೈಡ್ ಪಾರ್ಕ್ ಬ್ಯಾರಕ್ಸ್, ಎಲ್ಲಾ ಇವನ ನಕ್ಷೆಯವೇ. 1819ರಲ್ಲಿ ಪೂರ್ಣ ಕ್ಷಮೆ ಸಿಕ್ಕಿತು. ಆದರೆ ಮನುಷ್ಯ ಜಗಳಗಂಟ; 1822ರಲ್ಲಿ ಕೆಲಸ ಹೋಯಿತು. 1837ರಲ್ಲಿ ಬಡವನಾಗಿಯೇ ಸತ್ತ.

1966ರಿಂದ 1993ರವರೆಗೆ ಆಸ್ಟ್ರೇಲಿಯಾದ 10 ಡಾಲರ್ ನೋಟಿನ ಮೇಲಿದ್ದದ್ದು ಇವನದೇ ಮುಖ! ಜಮಾ-ಖರ್ಚು ಕಲಿಯೋ ನಾವು ನೆನಪಿಡಬೇಕಾದ್ದು ಇಷ್ಟೇ: ಒಂದು ಕೆಟ್ಟ ನಮೂದು ನೋಡಿ ಯಾರ ಖಾತೆಯನ್ನೂ ಮುಚ್ಚಿಬಿಡಬಾರದು.