ಇಪ್ಪತ್ತೊಂಬತ್ತಕ್ಕೆ ಮತ್ತೆ ವಿದ್ಯಾರ್ಥಿಯಾದ ಅಂಬೇಡ್ಕರ್

ವಯಸ್ಸು 29. ಮನೆಯಲ್ಲಿ ಹೆಂಡತಿ, ಏಳು ವರ್ಷದ ಮಗ. ಕೈಯಲ್ಲಿ ತಿಂಗಳಿಗೆ 450 ರೂಪಾಯಿ ಸಂಬಳ ತಂದಿದ್ದ ಪ್ರಾಧ್ಯಾಪಕ ಹುದ್ದೆ. ನೂರು ವರ್ಷದ ಹಿಂದೆ ಅದು ದೊಡ್ಡ ಮೊತ್ತ. ಅಂಥ ಕೆಲಸ ಬಿಟ್ಟು, ಗೆಳೆಯನ ಹತ್ತಿರ ಸಾಲ ಮಾಡಿ, ಅರ್ಧಕ್ಕೆ ನಿಂತ ಓದನ್ನು ಮುಗಿಸಿ ಬರುತ್ತೇನೆ ಎಂದು ಹೊರಟರೆ ಇವತ್ತಿಗೂ ನೆಂಟರಿಷ್ಟರು ಸುಮ್ಮನಿರುವುದಿಲ್ಲ. ಈ ವಯಸ್ಸಲ್ಲಿ ಎಂಥ ಓದು ಎಂಬ ಮಾತು ಬಂದೇ ಬರುತ್ತದೆ.

1920ರ ಜುಲೈನಲ್ಲಿ ಮುಂಬೈಯಿಂದ ಲಂಡನ್ನಿಗೆ ಹಾಗೆ ಹೊರಟವರು ಭೀಮರಾವ್ ರಾಮ್‌ಜಿ ಅಂಬೇಡ್ಕರ್.

ಸಂವಿಧಾನ ಕೈಯಲ್ಲಿ ಹಿಡಿದು ನಿಂತ ಅಂಬೇಡ್ಕರ್ ನಮಗೆಲ್ಲ ಗೊತ್ತು. ಅವರ ಹೆಸರಿನ ಮುಂದಿನ ಪದವಿಗಳ ಪಟ್ಟಿಯನ್ನೂ ಕೇಳಿದ್ದೇವೆ. ಆದರೆ ಆ ಪದವಿಗಳು ಒಂದರ ಹಿಂದೆ ಒಂದು ಸಲೀಸಾಗಿ ಬಂದವಲ್ಲ. ನಡುವೆ ಹಣ ಮುಗಿಯಿತು, ಓದು ನಿಂತಿತು, ಒಂದು ಪ್ರಬಂಧ ವಾಪಸ್ ಬಂತು. ಕೊನೆಯ ಪದವಿ ಕೈಗೆ ಸಿಗುವಾಗ ಅವರಿಗೆ 36 ವರ್ಷ.

ತಿಂಗಳಿಗೆ 25 ರೂಪಾಯಿ

1891ರ ಏಪ್ರಿಲ್ 14ರಂದು ಮಹೂ ದಂಡಿನ ಊರಿನಲ್ಲಿ ಹುಟ್ಟಿದ ಭೀಮರಾವ್, ಸುಬೇದಾರ್ ರಾಮ್‌ಜಿ ಸಕ್ಪಾಲರ ಹದಿನಾಲ್ಕನೆಯ ಮಗು. ಸಾತಾರಾದ ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ, ಮನೆಯಿಂದ ತಂದ ಗೋಣಿಚೀಲದ ಮೇಲೆ ಕೂರಬೇಕಿತ್ತು. ಮುಂದೆ ಮುಂಬೈಗೆ ಬಂದು ಎಲ್ಫಿನ್‌ಸ್ಟನ್ ಹೈಸ್ಕೂಲು ಸೇರಿದರು. ಪಿಂಚಣಿಯಲ್ಲಿ ಮನೆ ನಡೆಸುತ್ತಿದ್ದ ರಾಮ್‌ಜಿ, ಮಗ ಕೇಳಿದ ಪುಸ್ತಕ ತರಲು ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳ ಹತ್ತಿರ ಹಣ ಕೇಳುತ್ತಿದ್ದರು, ಅವರ ಒಡವೆ ಗಿರವಿ ಇಡುತ್ತಿದ್ದರು.

1907ರಲ್ಲಿ ಮೆಟ್ರಿಕ್ ಪಾಸಾಯಿತು. ಇಂಟರ್‌ಮೀಡಿಯೆಟ್ ಮುಗಿಯುವಷ್ಟರಲ್ಲಿ ಅಪ್ಪನ ಕೈ ಖಾಲಿ. ಓದು ಅಲ್ಲಿಗೇ ನಿಲ್ಲಬೇಕಿತ್ತು. ಆಗ ಕೃಷ್ಣಾಜಿ ಅರ್ಜುನ್ ಕೆಲುಸ್ಕರ್ ಎಂಬ ಶಿಕ್ಷಕರು ಈ ಹುಡುಗನನ್ನು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದರು. ಮಹಾರಾಜರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಅದರಿಂದ ಬಿಎ ಮುಗಿಯಿತು.

1913ರ ಫೆಬ್ರುವರಿಯಲ್ಲಿ ಅಪ್ಪ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನ ಅವರನ್ನು ಅಮೆರಿಕಕ್ಕೆ ಕಳಿಸಲು ಒಪ್ಪಿತು. ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಷರತ್ತು ಏನೆಂದರೆ, ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಕೆಲಸ ಮಾಡಬೇಕು. ಸಹಿ ಹಾಕಿ, 22ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1915ರಲ್ಲಿ ಎಂಎ ಆಯಿತು. ಆ ಹಾಸ್ಟೆಲ್ಲಿನಲ್ಲಿ ಗೆಳೆಯನಾದ ನವಲ್ ಭಥೇನಾ ಎಂಬ ಪಾರ್ಸಿ ಯುವಕನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅವಧಿ ಮುಗಿಯಿತು, ವಾಪಸ್ ಬನ್ನಿ

ಕೊಲಂಬಿಯಾದಿಂದ ಅಂಬೇಡ್ಕರ್ 1916ರ ಅಕ್ಟೋಬರಿನಲ್ಲಿ ಲಂಡನ್ನಿಗೆ ಬಂದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ, ಗ್ರೇಸ್ ಇನ್‌ನಲ್ಲಿ ಕಾನೂನು, ಎರಡೂ ಒಟ್ಟಿಗೆ. ಆದರೆ ಮರುವರ್ಷವೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಬರೋಡಾದಿಂದ ವಾಪಸ್ ಕರೆ ಬಂತು. ಎರಡು ಕಡೆ ಹೆಸರು ಹಚ್ಚಿಸಿ, ಎರಡೂ ಕಡೆ ಪದವಿ ಇಲ್ಲದೆ ಹೊರಡಬೇಕಾಯಿತು.

ಹೊರಡುವ ಮುಂಚೆ ಅವರು ಒಂದು ಕೆಲಸ ಮಾಡಿದರು. ಪ್ರೊಫೆಸರ್ ಎಡ್ವಿನ್ ಕ್ಯಾನನ್ ಅವರ ನೆರವಿನಿಂದ, ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡರು. ಹಣ ಎಲ್ಲಿಂದ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಆದರೂ ಸೀಟು ಕೈಬಿಟ್ಟು ಹೋಗದಂತೆ ನೋಡಿಕೊಂಡರು. ಈ ಒಂದು ಅನುಮತಿ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಅದು ಮೊದಲ ಮಹಾಯುದ್ಧದ ಕಾಲ. ಅವರು ಒಂದು ಹಡಗಿನಲ್ಲಿ ಬಂದರು, ಪುಸ್ತಕಗಳು ಇನ್ನೊಂದರಲ್ಲಿ ಹೊರಟವು. ಆ ಹಡಗು ಟಾರ್ಪಿಡೊ ದಾಳಿಗೆ ಸಿಕ್ಕಿ ಮುಳುಗಿತು. ವರ್ಷಗಟ್ಟಲೆ ಕೂಡಿಸಿದ್ದ ಪುಸ್ತಕಗಳು ಸಮುದ್ರದ ಪಾಲಾದವು.

ಕಾದ ಮೂರು ವರ್ಷ

ಬರೋಡಾದಲ್ಲಿ ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಅಸ್ಪೃಶ್ಯನೆಂದು ಯಾರೂ ಬಾಡಿಗೆಗೆ ಕೊಡಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡಲು ಹೇಳಿತು. ಗೆಳೆಯರಿಬ್ಬರ ಮನೆಯಲ್ಲೂ ಜಾಗವಾಗಲಿಲ್ಲ. ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದ ಆ ಅಧಿಕಾರಿ ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು, ರಾತ್ರಿಯ ರೈಲು ಹತ್ತಿ ಮುಂಬೈಗೆ ಮರಳಿದರು.

ಆಮೇಲೆ ಅವರು ನಮ್ಮ ಹಾಗೇ ಕೆಲಸ ಹುಡುಕುವ ಯುವಕ. ಟ್ಯೂಷನ್ ಹೇಳಿದರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಸಣ್ಣ ಕಚೇರಿ ತೆರೆದರು. ಸಲಹೆಗಾರನ ಜಾತಿ ತಿಳಿದ ಮೇಲೆ ಗಿರಾಕಿಗಳು ಬರುವುದನ್ನು ಬಿಟ್ಟರು. 1918ರ ನವೆಂಬರಿನಲ್ಲಿ ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಕೂಡ, ಅಧ್ಯಾಪಕರ ಕೊಠಡಿಯ ನೀರಿನ ಕೊಡ ಮುಟ್ಟಬಾರದೆಂದು ಕೆಲವರು ತಕರಾರು ತೆಗೆದರು.

ಸಂಬಳ ಬಂದರೂ ಮನೆ ಬದಲಾಗಲಿಲ್ಲ. ಪರೇಲ್‌ನ ಚಾಳಿನ ಎರಡು ಕೋಣೆಯಲ್ಲೇ ಸಂಸಾರ. ಲಂಡನ್ನಿನ ಅವಧಿ ಮೀರುವುದರೊಳಗೆ ಹಣ ಕೂಡಬೇಕಿತ್ತು. ರಮಾಬಾಯಿ ಕೈ ಬಿಗಿ ಹಿಡಿದು ಮನೆ ನಡೆಸಿದರು. ಈ ಕಾಯುವಿಕೆಯಲ್ಲಿ ಅಂಬೇಡ್ಕರ್ ಕೈಕಟ್ಟಿ ಕೂರಲಿಲ್ಲ. 1920ರ ಜನವರಿಯಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರ ನೆರವಿನಿಂದ ‘ಮೂಕನಾಯಕ’ ಪತ್ರಿಕೆ ಶುರು ಮಾಡಿದರು. ಮಾರ್ಚ್‌ನಲ್ಲಿ ಕೊಲ್ಹಾಪುರದ ಹತ್ತಿರದ ಮಾಣಗಾಂವ್‌ನಲ್ಲಿ ನಡೆದ ಸಮಾವೇಶದ ಅಧ್ಯಕ್ಷತೆ ವಹಿಸಿದರು.

ಅದೇ ಜುಲೈನಲ್ಲಿ ಹಡಗು ಹತ್ತಿದರು. ಈ ಸಲ ಸಂಸ್ಥಾನದ ವಿದ್ಯಾರ್ಥಿವೇತನ ಇಲ್ಲ. ಕೂಡಿಟ್ಟ ಸಂಬಳ, ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ, ಶಾಹೂ ಮಹಾರಾಜರ ಸಹಾಯ, ಇಷ್ಟೇ ಬಂಡವಾಳ.

ಚಹಾ, ಬ್ರೆಡ್ಡು, ಹಪ್ಪಳ

ಲಂಡನ್ನಿನಲ್ಲಿ ಊಟವೆಂದರೆ ಚಹಾ, ಬ್ರೆಡ್ಡು. ರಾತ್ರಿ ಹಸಿವಾದರೆ ಪರಿಚಯದವರು ಕೊಟ್ಟ ಹಪ್ಪಳ ಸುಟ್ಟು ತಿಂದು ಮತ್ತೆ ಓದು. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೆ ಬೆಳಿಗ್ಗೆ ಹೋದರೆ ಬಾಗಿಲು ಹಾಕುವವರೆಗೆ ಅಲ್ಲೇ. ಆಗ ಅವರಿದ್ದ ಕಿಂಗ್ ಹೆನ್ರೀಸ್ ರಸ್ತೆಯ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿದೆ.

1921ರಲ್ಲಿ ಎಂಎಸ್‌ಸಿ ಸಿಕ್ಕಿತು. 1922ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆದರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲೂ ಹೆಸರು ನೋಂದಾಯಿಸಿದ್ದರು, ಆದರೆ ಆ ಓದು ಮುಂದುವರಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಎಸ್‌ಸಿ ಪದವಿಗಾಗಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ ಸಲ್ಲಿಸಿದರು.

1923ರ ಮಾರ್ಚ್‌ನಲ್ಲಿ ಉತ್ತರ ಬಂತು. ಪರೀಕ್ಷಕರು ಒಪ್ಪಿರಲಿಲ್ಲ. ತಿದ್ದಿ ಬರೆದು ತರಬೇಕಂತೆ. ಅಷ್ಟು ಹೊತ್ತಿಗೆ ಕೈಯಲ್ಲಿ ಕಾಸಿಲ್ಲ. ಲಂಡನ್ನಿನಲ್ಲಿ ಕೂತು ತಿದ್ದುವಂತಿಲ್ಲ. ಏಪ್ರಿಲ್‌ನಲ್ಲಿ ಮುಂಬೈಗೆ ಬಂದರು. ಬ್ಯಾರಿಸ್ಟರ್ ಆಗಿದ್ದರೂ ವಕೀಲಿಕೆಯ ಸನ್ನದು ಪಡೆಯುವ ಶುಲ್ಕಕ್ಕೂ ತೊಂದರೆ, ಆಗಲೂ ಕೈಹಿಡಿದವರು ಭಥೇನಾ. ಒಂದು ಕಡೆ ಕೋರ್ಟಿನ ಓಡಾಟ ಶುರುವಾಯಿತು, ಇನ್ನೊಂದು ಕಡೆ ಪ್ರಬಂಧ ತಿದ್ದುವ ಕೆಲಸ. ಆಗಸ್ಟಿನಲ್ಲಿ ಮತ್ತೆ ಕಳಿಸಿದರು. ನವೆಂಬರಿನಲ್ಲಿ ಡಿಎಸ್‌ಸಿ ಬಂತು. ಅದೇ ಡಿಸೆಂಬರಿನಲ್ಲಿ ಪ್ರಬಂಧ ಲಂಡನ್ನಿನಲ್ಲಿ ಪುಸ್ತಕವಾಯಿತು. ಅದಕ್ಕೆ ಮುನ್ನುಡಿ ಬರೆದವರು ಅದೇ ಎಡ್ವಿನ್ ಕ್ಯಾನನ್.

ಕೊಲಂಬಿಯಾದ ಪಿಎಚ್‌ಡಿ ಇನ್ನೂ ಬಾಕಿ ಇತ್ತು. 1925ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಅದನ್ನು ಸಯಾಜಿರಾವ್ ಮಹಾರಾಜರಿಗೆ ಅರ್ಪಿಸಿದರು. 1927ರ ಜೂನ್‌ನಲ್ಲಿ ಪದವಿ ಕೈಗೆ ಬಂತು, ಕೊಲಂಬಿಯಾ ಮೆಟ್ಟಿಲು ಹತ್ತಿದ ಹದಿನಾಲ್ಕು ವರ್ಷಕ್ಕೆ.

ಈ ಲೆಕ್ಕದಲ್ಲಿ ರಮಾಬಾಯಿಯವರ ಪಾಲು ದೊಡ್ಡದು. ಗಂಡ ಪರದೇಶದಲ್ಲಿ ಓದುವಾಗ ಬಡತನ, ಮಕ್ಕಳ ಸಾವು, ಕಾಯಿಲೆ ಎಲ್ಲ ಕಂಡರು. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. 1935ರ ಮೇ 27ರಂದು ಅವರೂ ಹೋದರು. ಒಬ್ಬನ ಓದಿಗೆ ಮನೆಯಲ್ಲಿ ಯಾರು ಯಾರು ಬೆಲೆ ಕೊಡುತ್ತಾರೆ ಎಂಬುದನ್ನು ಪದವಿಪತ್ರದಲ್ಲಿ ಬರೆದಿರುವುದಿಲ್ಲ.

ದಯೆಯಿಂದ ಹಕ್ಕಿನ ಕಡೆಗೆ

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. ಅವರ ಓದು ನಿಂತಾಗಲೆಲ್ಲ ಯಾರೋ ಒಬ್ಬರ ದೊಡ್ಡ ಮನಸ್ಸು ಅದನ್ನು ಉಳಿಸಿತು. ಕೆಲುಸ್ಕರ್ ಸಿಗದಿದ್ದರೆ? ಬೇರೆ ಮಹಾರಾಜರಿದ್ದಿದ್ದರೆ? ಭಥೇನಾ ಇಲ್ಲದಿದ್ದರೆ? ಅಂಥ ಅದೃಷ್ಟ ಇಲ್ಲದ ಹುಡುಗರು ಊರೂರಲ್ಲೂ ಇದ್ದರು.

1928ರಲ್ಲಿ ಅವರು ಶಿಕ್ಷಣ ಸಂಸ್ಥೆಯೊಂದನ್ನು ಕಟ್ಟಿ ಹಾಸ್ಟೆಲ್‌ಗಳಿಗಾಗಿ ದುಡಿದರು. ನಮ್ಮ ಧಾರವಾಡದಲ್ಲೂ ಅಂಥ ಹಾಸ್ಟೆಲ್ ಒಂದು ನಡೆಯಿತು. 1942ರಲ್ಲಿ ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯ ಸದಸ್ಯರಾದ ಮೇಲೆ, ಅಕ್ಟೋಬರಿನಲ್ಲಿ ಒಂದು ಮನವಿಪತ್ರ ಕೊಟ್ಟರು. ವಿಜ್ಞಾನ, ತಂತ್ರಜ್ಞಾನ ಓದುವ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ದೇಶದೊಳಗೂ ವಿದೇಶದಲ್ಲೂ ಸರ್ಕಾರವೇ ಖರ್ಚು ಕೊಡಬೇಕು ಎಂಬುದು ಅದರಲ್ಲಿದ್ದ ಒಂದು ಬೇಡಿಕೆ. ಸರ್ಕಾರ ವರ್ಷಕ್ಕೆ 3 ಲಕ್ಷ ರೂಪಾಯಿ ತೆಗೆದಿಟ್ಟಿತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಶುರುವಾಯಿತು. ಇವತ್ತು ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಜಾತಿ–ಆದಾಯ ಪ್ರಮಾಣಪತ್ರದ ನಂಬರ್ ಹಾಕಿ, ಆಧಾರ್ ಜೋಡಿಸಿ, ಹಣ ಯಾವಾಗ ಬರುತ್ತದೋ ಎಂದು ಕಾಯುತ್ತೇವಲ್ಲ, ಅದರ ಬೇರು ಇರುವುದು ಅಲ್ಲಿ. ಒಬ್ಬ ಮಹಾರಾಜರ ದಯೆಯಾಗಿದ್ದದ್ದು ಅರ್ಜಿ ಹಾಕಿ ಕೇಳುವ ಹಕ್ಕಾಯಿತು.

1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ದುಡಿಯುವವರೂ ಓದಲಿ ಎಂದು ಅಲ್ಲಿ ಬೆಳಗಿನ ತರಗತಿ ನಡೆಸಲಾಯಿತು. 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ಆರಂಭವಾಯಿತು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ತಡವಾಗಿ ಬಂದವರು

ನಮ್ಮ ಬಿಇ ತರಗತಿಗಳಲ್ಲಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಬಂದ ಅಣ್ಣಂದಿರು, ಅಕ್ಕಂದಿರು ಇರುತ್ತಾರೆ. ಎಸ್‌ಎಸ್‌ಎಲ್‌ಸಿ ಆಗಿ ಡಿಪ್ಲೊಮಾ, ಆಮೇಲೆ ಮೂರೋ ನಾಲ್ಕೋ ವರ್ಷ ಫ್ಯಾಕ್ಟರಿಯಲ್ಲಿ ದುಡಿಮೆ, ಮತ್ತೆ ಡಿಸಿಇಟಿ ಬರೆದು ಸೀಟು. ಸೀಟು ಹಂಚಿಕೆ ಪಟ್ಟಿಯಲ್ಲಿ ಹೆಸರು ಬಂದರೂ ಶುಲ್ಕದ ಚಿಂತೆ ತಪ್ಪುವುದಿಲ್ಲ. ನಮ್ಮ ತುರುವನೂರಿನಂಥ ಊರುಗಳಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ಓದುವವರಿಗೆ ಬಸ್ ಪಾಸಿನ ಖರ್ಚೂ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತರ ನಮ್ಮ ನಡುವೆ ಇಪ್ಪತ್ತಾರರವರು ಸ್ವಲ್ಪ ಸಂಕೋಚದಿಂದಲೇ ಹಿಂದಿನ ಬೆಂಚು ಹಿಡಿಯುತ್ತಾರೆ. ಲಂಡನ್ನಿನ ಆ 29ರ ವಿದ್ಯಾರ್ಥಿಯ ಕತೆ ಅವರಿಗೆ ತಲುಪಬೇಕು.

ಆ ಕತೆಯಲ್ಲಿ ನಾವೂ ಮಾಡಬಹುದಾದ ಕೆಲಸಗಳಿವೆ. ಓದು ಬಿಡಲೇಬೇಕಾಗಿ ಬಂದರೆ ಸುಮ್ಮನೆ ಬಿಟ್ಟು ಹೋಗದೆ, ಮರಳಿ ಬರಲು ಏನು ನಿಯಮವಿದೆ ಎಂದು ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಬಹುದು. ಕಾಯುವ ವರ್ಷಗಳಲ್ಲಿ ಸಿಕ್ಕ ಕೆಲಸ ಮಾಡಿ ಶುಲ್ಕಕ್ಕೆ ಎತ್ತಿಡಬಹುದು. ತಿದ್ದಿ ತನ್ನಿ ಎಂದರೆ ತಿದ್ದಿ ಮತ್ತೆ ಕಳಿಸಬಹುದು. ವಿದೇಶದಲ್ಲಿ ಓದುವ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 35 ವರ್ಷದವರೆಗೂ ಅರ್ಜಿ ಹಾಕಲು ಅವಕಾಶವಿದೆ.

ವಿದ್ಯಾರ್ಥಿವೇತನದ ಹಣ ತಡವಾದಾಗ ನಮ್ಮಲ್ಲಿ ಅನೇಕರು ಕೇಳಲು ನಾಚುತ್ತಾರೆ, ಭಿಕ್ಷೆ ಕೇಳಿದ ಹಾಗೆ ಆಗುತ್ತದೆ ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳಬೇಕಾಗಿಲ್ಲ. ಅದನ್ನು ಕೇಳಿ ಪಡೆಯುವಂತಾಗಲಿ ಎಂದೇ ಒಬ್ಬರು ಮನವಿ ಬರೆದುಕೊಟ್ಟು ಹೋಗಿದ್ದಾರೆ. ಈ ವರ್ಷದ ಅರ್ಜಿಯ ಕೊನೆಯ ದಿನ ಯಾವುದೆಂದು ಇವತ್ತೇ ನೋಡಿಕೊಳ್ಳಿ, ಹಿಂದಿನ ಬೆಂಚಿನ ಅಣ್ಣನಿಗೂ ಹೇಳಿ.

– ಬಿಇ ವಿದ್ಯಾರ್ಥಿ, ತುರುವನೂರು, ಚಿತ್ರದುರ್ಗ